ಹುಲ್ಲಿನ ಎತ್ತರ

1975ರಲ್ಲಿ ಬ್ರಿಟನ್ನಿನ ಸಂಸತ್ತು ಕಾಡುಪ್ರಾಣಿ ಮತ್ತು ಕಾಡುಗಿಡಗಳ ರಕ್ಷಣೆಗೆಂದು ಒಂದು ಕಾಯ್ದೆ ತಂದಿತು. ಅದರ ಪಟ್ಟಿಯಲ್ಲಿ ಹೆಸರು ಪಡೆದ ಪ್ರಾಣಿಗಳು ಆರೇ ಆರು. ಎರಡು ಬಾವಲಿ, ಒಂದು ಹಲ್ಲಿ, ಒಂದು ಹಾವು, ಒಂದು ನೆಲಗಪ್ಪೆ. ಆರನೆಯದು ಒಂದು ಚಿಟ್ಟೆ, ಇಡೀ ಪಟ್ಟಿಗೆ ಅದೊಂದೇ ಕೀಟ. ಆ ದೇಶದವರು ಅದನ್ನು ಲಾರ್ಜ್ ಬ್ಲೂ ಎನ್ನುತ್ತಾರೆ. ಇಲ್ಲಿ ನಾವು ದೊಡ್ಡ ನೀಲಿ ಎಂದುಕೊಳ್ಳೋಣ. ದೊಡ್ಡದು ಅನ್ನುವುದು ಅದರ ನೆಂಟರಿಷ್ಟರ ನಡುವೆ ಮಾತ್ರ ಸಲ್ಲುವ ಮಾತು, ರೆಕ್ಕೆ ಬಿಚ್ಚಿದರೂ ನಾಲ್ಕೈದು ಸೆಂಟಿಮೀಟರ್ ಅಷ್ಟೆ. ಕಡುನೀಲಿ ಮೈ, ಮುಂದಿನ ರೆಕ್ಕೆಯ ಮೇಲೆ ಶಾಯಿ ಚೆಲ್ಲಿದಂಥ ಕಪ್ಪು ಚುಕ್ಕೆಗಳು. ಇನ್ನು ಮುಂದೆ ಇದನ್ನು ಹಿಡಿದರೆ, ಕೊಂದರೆ ದಂಡ ಎಂದು ಕಾಯ್ದೆ ಸಾರಿತು.

ನಾಲ್ಕು ವರ್ಷ ಕಳೆಯಿತು. 1979ರಲ್ಲಿ ದೊಡ್ಡ ನೀಲಿ ಬ್ರಿಟನ್ನಿನಿಂದ ಅಳಿದುಹೋಯಿತು ಎಂದು ಘೋಷಿಸಬೇಕಾಯಿತು.

ಕಾಯ್ದೆ ತಡವಾಗಿ ಬಂತು ಎನ್ನಬಹುದು. ಹಾಗೆ ಹೇಳಿದವರೂ ಇದ್ದಾರೆ. ಆದರೆ ಅದೇ ಕಾಯ್ದೆ ಐವತ್ತು ವರ್ಷ ಮೊದಲೇ ಬಂದಿದ್ದರೂ ಫಲಿತಾಂಶ ಬೇರೆಯಾಗುತ್ತಿರಲಿಲ್ಲ ಎಂಬುದು ನನ್ನ ಎಣಿಕೆ. ಅದು ಹಿಡಿಯಲು ಹೊರಟದ್ದು ಬಲೆ ಹಿಡಿದು ಗುಡ್ಡ ಸುತ್ತುವ ಮನುಷ್ಯನನ್ನು. ಚಿಟ್ಟೆ ಸತ್ತದ್ದು ಹುಲ್ಲು ಬೆಳೆದದ್ದರಿಂದ. ಇಷ್ಟು ಸಣ್ಣ ಸಂಗತಿ ತಿಳಿಯಲು ಒಂದು ಮುಂದುವರಿದ ದೇಶಕ್ಕೆ, ಅದೂ ಚಿಟ್ಟೆಗಳನ್ನು ಇನ್ನಿಲ್ಲದಷ್ಟು ಪ್ರೀತಿಸುವ ದೇಶಕ್ಕೆ, ಯಾಕೆ ಅಷ್ಟು ಕಾಲ ಹಿಡಿಯಿತು ಎಂಬುದೇ ಈ ಕಥೆ.

ಬ್ರಿಟನ್ನಿನಲ್ಲಿ ದೊಡ್ಡ ನೀಲಿಯನ್ನು ಮೊದಲು ಪುಸ್ತಕದಲ್ಲಿ ದಾಖಲಿಸಿದವನು ವಿಲಿಯಂ ಲೆವಿನ್, 1795ರಲ್ಲಿ. ಆಗಲೂ ಅದು ಎಲ್ಲೆಂದರಲ್ಲಿ ಕಾಣುವ ಚಿಟ್ಟೆಯಾಗಿರಲಿಲ್ಲ. ಇಂಗ್ಲೆಂಡಿನ ಬಿಸಿಲು ಬೀಳುವ ಗುಡ್ಡದ ಇಳಿಜಾರುಗಳಲ್ಲಿ, ಕಾಡು ಥೈಮ್ ಗಿಡ ನೆಲಕ್ಕಂಟಿಕೊಂಡು ಹಬ್ಬಿದ ಕಡೆ ಮಾತ್ರ ಇತ್ತು. ಥೈಮ್ ನಮ್ಮ ತುಳಸಿಯ, ದೊಡ್ಡಪತ್ರೆಯ ಕುಟುಂಬದ್ದೇ, ಹಾಗೇ ಘಮ್ಮೆನ್ನುತ್ತದೆ. ಅಪರೂಪದ್ದು ಎಂದರೆ ಬೇಡಿಕೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಚಿಟ್ಟೆ ಸಂಗ್ರಹ ಪಾದ್ರಿಗಳಿಗೆ, ವೈದ್ಯರಿಗೆ, ನಿವೃತ್ತ ಸೈನಿಕರಿಗೆ, ಶಾಲೆಯ ಹುಡುಗರಿಗೆ ಒಂದು ಗೀಳಾಗಿತ್ತು. ಗಾಜಿನ ಮುಚ್ಚಳದ ಮರದ ಡಬ್ಬಿಗಳಲ್ಲಿ ಸೂಜಿ ಚುಚ್ಚಿ ಸಾಲು ಸಾಲಾಗಿ ಜೋಡಿಸಿಡುತ್ತಿದ್ದರು. ದೊಡ್ಡ ನೀಲಿಯ ಚುಕ್ಕೆಗಳು ಒಂದರಂತೆ ಇನ್ನೊಂದರಲ್ಲಿ ಇರುವುದಿಲ್ಲ, ಹಾಗಾಗಿ ಒಂದು ಸಾಲು ಸಾಲದು. ಹಿಡಿದು ಮಾರುವ ವ್ಯಾಪಾರಿಗಳೂ ಹುಟ್ಟಿಕೊಂಡರು. ನಾರ್ಥಾಂಪ್ಟನ್‌ಶೈರ್‌ನ ಬಾರ್ನ್‌ವೆಲ್ ವೋಲ್ಡ್ ಎಂಬ ಕಡೆ ಹೆಸರುವಾಸಿಯಾಗಿದ್ದ ನೆಲೆ 1860ರ ಸುಮಾರಿಗೆ ಬರಿದಾಯಿತು. ಅಲ್ಲಿಂದ ಮುಂದೆ ಒಂದೊಂದು ನೆಲೆ ಖಾಲಿಯಾದಾಗಲೂ ಬೆರಳು ತಿರುಗಿದ್ದು ಸಂಗ್ರಾಹಕರ ಕಡೆಗೇ. ಕಣ್ಣಿಗೆ ಕಾಣುವ ಕಳ್ಳ ಅವನೊಬ್ಬನೇ ಇದ್ದ.

ತಮಾಷೆಯೆಂದರೆ, ಆ ಚಿಟ್ಟೆಯ ಬಗ್ಗೆ ಆಗ ಜಗತ್ತಿಗೆ ತಿಳಿದದ್ದೆಲ್ಲ ಅದೇ ಸಂಗ್ರಾಹಕರ ಬಳಗದಿಂದ.

ಅವರಿಗೆ ಬಗೆಹರಿಯದ ಸಮಸ್ಯೆ ಹುಳುವಿನದು. ಹೆಣ್ಣು ಚಿಟ್ಟೆ ಥೈಮಿನ ಮೊಗ್ಗಿನ ಮೇಲೆ ಮೊಟ್ಟೆಯಿಡುತ್ತದೆ, ಮರಿಹುಳು ಹೂವು ತಿಂದು ಎರಡು ಮೂರು ವಾರ ಬೆಳೆಯುತ್ತದೆ. ಮೂರನೆಯ ಸಲ ಪೊರೆ ಕಳಚಿದ ಮೇಲೆ ಅದಕ್ಕೆ ಏನೋ ಆಗುತ್ತದೆ. ತಿನ್ನುವುದನ್ನು ನಿಲ್ಲಿಸಿ, ಗಿಡದಿಂದ ನೆಲಕ್ಕೆ ಬಿದ್ದು, ಅಲ್ಲಿ ಇಲ್ಲಿ ತಡಕಾಡುತ್ತದೆ. ಮನೆಯಲ್ಲಿ ಸಾಕುತ್ತಿದ್ದವರು ಥೈಮ್ ಕೊಟ್ಟು ನೋಡಿದರು, ಬೇರೆ ಎಲೆ ಕೊಟ್ಟು ನೋಡಿದರು. ಮುಟ್ಟಲಿಲ್ಲ, ಸತ್ತವು. ಬ್ರಿಟನ್ನಿನ ಚಿಟ್ಟೆಗಳ ಜೀವನಚಕ್ರವನ್ನೆಲ್ಲ ಮೊಟ್ಟೆಯಿಂದ ರೆಕ್ಕೆಯವರೆಗೆ ಚಿತ್ರಿಸಲು ಪಣತೊಟ್ಟಿದ್ದ ಕಲಾವಿದ ಎಫ್. ಡಬ್ಲ್ಯೂ. ಫ್ರೊಹಾಕ್‌ಗೆ ಇದೊಂದು ಹುಳು ವರ್ಷಗಟ್ಟಲೆ ಕೈಕೊಟ್ಟಿತು. ಅಷ್ಟು ಪುಟ್ಟ ಹುಳು ಆಹಾರ ಬಿಟ್ಟ ಮೇಲೆ ದೊಡ್ಡ ಚಿಟ್ಟೆಯಾಗಲು ಬೇಕಾದ ತೂಕ ಎಲ್ಲಿಂದ ತರುತ್ತದೆ? ಇರುವೆಗಳಿಗೆ ಇದರಲ್ಲಿ ಪಾತ್ರವಿದೆ ಎಂಬ ಗುಮಾನಿ ಅನೇಕರಿಗಿತ್ತು. ಸಾಕ್ಷಿ ಇರಲಿಲ್ಲ.

ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ಟಿ. ಎ. ಚಾಪ್‌ಮನ್ ಎಂಬ ವೃದ್ಧ ವೈದ್ಯರ ಕೈಗೆ, ಅದೂ ಒಂದು ಅನಾಹುತದ ರೂಪದಲ್ಲಿ. ಇರುವೆ ಗೂಡಿನ ಮೇಲೆ ಬೆಳೆದಿದ್ದ ಥೈಮ್ ಗಿಡವನ್ನು ಅವರು ಬುಡಸಹಿತ ಕಿತ್ತರು. ಬೇರಿನ ಅಡಿಯಲ್ಲಿ ಚೆನ್ನಾಗಿ ಕೊಬ್ಬಿದ ಒಂದು ಹುಳು ಇತ್ತು. ಕೀಳುವ ಭರದಲ್ಲಿ ಅದು ಗಾಯಗೊಂಡು ಸತ್ತಿತು. ಚಾಪ್‌ಮನ್ ಅದನ್ನು ಎಸೆಯಲಿಲ್ಲ. ಕರುಳು ಬಿಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಒಳಗಿದ್ದದ್ದು ಇರುವೆ ಮರಿಗಳ ಅವಶೇಷ.

ಮುಂದಿನ ಕೆಲಸ ಫ್ರೊಹಾಕ್‌ನ ಗೆಳೆಯ, ನಿವೃತ್ತ ಕ್ಯಾಪ್ಟನ್ ಪ್ಯೂರ್‌ಫಾಯ್ ಅವರದು. ಇರುವೆ ಗೂಡಿನೊಳಗೆ ನಡೆಯುವುದನ್ನು ನೋಡುವುದು ಹೇಗೆ? ಅವರು ಅಕ್ರೋಟಿನ ಅರ್ಧ ಚಿಪ್ಪನ್ನು ಮಣ್ಣಿನ ಮೇಲೆ ಬೋರಲು ಹಾಕಿ ಒಳಗೆ ಹುಳುವನ್ನೂ ಇರುವೆಗಳನ್ನೂ ಅವುಗಳ ಮರಿಗಳನ್ನೂ ಬಿಟ್ಟರು. ನೋಡಬೇಕೆನಿಸಿದಾಗ ಚಿಪ್ಪು ಎತ್ತಿದರಾಯಿತು. ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಇಷ್ಟವಾದ ಉಪಕರಣ ಇದೇ. ಸರ್ಕಾರದ ಅನುದಾನವಿಲ್ಲ, ಪ್ರಯೋಗಾಲಯವಿಲ್ಲ, ತಿಂದು ಉಳಿದ ಅಕ್ರೋಟಿನ ಚಿಪ್ಪು.

ಅಲ್ಲಿ ಕಂಡದ್ದು ಹೀಗೆ. ಸಂಜೆಯ ಹೊತ್ತಿಗೆ ನೆಲಕ್ಕೆ ಬಿದ್ದ ಹುಳುವನ್ನು ಒಂದು ಕೆಂಪಿರುವೆ ಪತ್ತೆಹಚ್ಚುತ್ತದೆ. ಕುಡಿಮೀಸೆಯಿಂದ ಅದರ ಬೆನ್ನು ತಟ್ಟುತ್ತದೆ. ಹುಳು ಬೆನ್ನಿನ ಗ್ರಂಥಿಯಿಂದ ಸಿಹಿ ಹನಿಯೊಂದನ್ನು ಬಿಡುತ್ತದೆ. ಇರುವೆ ಅದನ್ನು ಹೀರಿ, ಮತ್ತೆ ತಟ್ಟಿ, ಮತ್ತೆ ಹೀರಿ, ಈ ಉಪಚಾರ ಬಹಳ ಹೊತ್ತು ನಡೆಯುತ್ತದೆ. ಆಮೇಲೆ ಹುಳು ಇದ್ದಕ್ಕಿದ್ದಂತೆ ಮೈಯನ್ನು ಗೂನಾಗಿಸಿ ಉಬ್ಬಿಸುತ್ತದೆ. ಇರುವೆಗೆ ಅದು ಈಗ ತನ್ನದೇ ಗೂಡಿನಿಂದ ಉರುಳಿ ಬಿದ್ದ ಮರಿ. ಬಾಯಲ್ಲಿ ಕಚ್ಚಿಕೊಂಡು ಒಳಗೆ ಒಯ್ದು ತನ್ನ ಮರಿಗಳ ನಡುವೆ ಮಲಗಿಸುತ್ತದೆ. ಒಳಗೆ ಬಂದ ಅತಿಥಿ ಮುಂದಿನ ಹತ್ತು ತಿಂಗಳು ಆ ಮರಿಗಳನ್ನೇ ತಿಂದು ಬದುಕುತ್ತದೆ. ಕೊನೆಗೆ ತೂಗುವ ತೂಕದಲ್ಲಿ ಶೇಕಡ 98ರಷ್ಟು ಬರುವುದು ಇರುವೆಯ ಸಂತಾನದಿಂದ. ಹೂವಿನಿಂದ ಬಂದದ್ದು ಒಂದು ಚಿಟಿಕೆ. ಬೇಸಿಗೆಯ ಒಂದು ಬೆಳಗ್ಗೆ ಚಿಟ್ಟೆ ಗೂಡಿನಿಂದ ತೆವಳಿ ಹೊರಬಂದು, ಹುಲ್ಲುಕಡ್ಡಿ ಹತ್ತಿ, ರೆಕ್ಕೆ ಒಣಗಿಸಿಕೊಂಡು ಕೆಲವು ದಿನ ಹಾರಾಡಿ ಮೊಟ್ಟೆಯಿಟ್ಟು ಸಾಯುತ್ತದೆ.

ಚಿಟ್ಟೆ ಎಂದರೆ ಹೂವಿನ ಸಹವಾಸ ಎಂದುಕೊಂಡವರಿಗೆ ಇದು ಸ್ವಲ್ಪ ಅಸಹ್ಯವೆನಿಸಬಹುದು. ಆದರೆ ಈ ಕುಟುಂಬದಲ್ಲಿ ಇದು ಹೊಸದಲ್ಲ. ಮಲೆನಾಡಿನಲ್ಲಿ ಮಾವು, ಹಲಸಿನ ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆ ಗೊತ್ತಲ್ಲ. ಅದರ ಮೊಟ್ಟೆಮರಿಗಳಿಂದ ನಾವು ಚಟ್ನಿ ಅರೆಯುತ್ತೇವೆ. ಪಶ್ಚಿಮ ಘಟ್ಟದಲ್ಲಿ ಅಪರೂಪಕ್ಕೆ ಕಾಣಸಿಗುವ ಮಾತ್ ಬಟರ್‌ಫ್ಲೈ ಎಂಬ ಚಿಟ್ಟೆಯ ಹುಳುವಿಗೂ ಅದೇ ಊಟ. ನೀಲಿ ಚಿಟ್ಟೆಗಳ ಕುಟುಂಬಕ್ಕೇ ಸೇರಿದ ಅದು ಚಗಳಿ ಗೂಡಿನೊಳಗೇ ಬೆಳೆಯುತ್ತದೆ, ಆದರೆ ದೊಡ್ಡ ನೀಲಿಯಂತೆ ನಟಿಸುವುದಿಲ್ಲ. ಗುರಾಣಿಯಂಥ ಗಟ್ಟಿ ಚರ್ಮ ಹೊದ್ದು ಇರುವೆ ಎಷ್ಟು ಕಚ್ಚಿದರೂ ಲೆಕ್ಕಿಸದೆ ತಿನ್ನುತ್ತದೆ.

ಗುಟ್ಟು ಬಯಲಾಯಿತು, ಇನ್ನು ರಕ್ಷಣೆ ಸುಲಭ ಎಂದು ಎಲ್ಲರೂ ಅಂದುಕೊಂಡರು. ಥೈಮ್ ಇರಬೇಕು, ಕೆಂಪಿರುವೆ ಇರಬೇಕು, ಕಳ್ಳರು ಬರಬಾರದು. ಮೊದಲೆರಡು ಇಂಗ್ಲೆಂಡಿನಲ್ಲಿ ಧಾರಾಳವಾಗಿದ್ದವು. ಉಳಿದದ್ದು ಮೂರನೆಯದು. ಚಿಟ್ಟೆಪ್ರಿಯರು ಹಣ ಕೂಡಿಸಿದರು, ಒಳ್ಳೆಯ ನೆಲೆಗೆ ಬೇಲಿ ಹಾಕಿಸಿದರು. ಬಲೆ ಹಿಡಿದವರು ಒಳಗೆ ಬರಲಿಲ್ಲ. ದನ ಕುರಿಗಳೂ ಬರಲಿಲ್ಲ, ಅದನ್ನು ಯಾರೂ ನಷ್ಟವೆಂದು ಎಣಿಸಲಿಲ್ಲ. ಹೂ ಗಿಡ ತುಳಿದು ಹಾಳುಮಾಡುವ ಪ್ರಾಣಿಗಳು ದೂರವಾದವು ಎಂದು ಸಂತೋಷವೇ ಪಟ್ಟಿರಬೇಕು. ಬೇಲಿಯೊಳಗೆ ಹುಲ್ಲು ಸೊಂಪಾಗಿ ಬೆಳೆಯಿತು. ಚಿಟ್ಟೆ ಹೋಯಿತು. ಇದರಿಂದ ಅವರು ತೆಗೆದ ತೀರ್ಮಾನವೆಂದರೆ ಕಳ್ಳರು ಬೇಲಿ ಹಾರಿದ್ದಾರೆ ಎಂಬುದು, ಇಲ್ಲವೇ ಹವಾಮಾನ ಕೆಟ್ಟಿತು ಎಂಬುದು. 1960ರ ದಶಕದ ಆರಂಭದಲ್ಲಿ ಹಲವು ಸಂಸ್ಥೆಗಳು ಸೇರಿ ಈ ಒಂದೇ ಚಿಟ್ಟೆಗಾಗಿ ಜಂಟಿ ಸಮಿತಿ ರಚಿಸಿಕೊಂಡವು. ಹಟ ತೊಟ್ಟ ಸಜ್ಜನರ ಸಮಿತಿ ಅದು, ಆದರೂ ನೆಲೆಗಳು ಒಂದೊಂದಾಗಿ ಖಾಲಿಯಾಗುತ್ತಲೇ ಹೋದವು.

ಅಷ್ಟರಲ್ಲಿ ಇಂಗ್ಲೆಂಡಿನ ಗುಡ್ಡಗಳೇ ಬದಲಾಗಿದ್ದವು. ಎರಡನೆಯ ಮಹಾಯುದ್ಧದ ನಂತರ ಕೃಷಿ ನೀತಿ ಇಳುವರಿಯ ಬೆನ್ನು ಹತ್ತಿತು. ಉಳಲು ಬರುವ ಇಳಿಜಾರನ್ನು ಉತ್ತರು, ಗೊಬ್ಬರ ಸುರಿದರು. ಉಳಲು ಬಾರದ ಕಡಿದಾದ ಇಳಿಜಾರಿನಲ್ಲಿ ಕುರಿ ಮೇಯಿಸುವುದು ಲಾಭವಲ್ಲವೆಂದು ಕೈಬಿಟ್ಟರು. ಹೀಗೆ ಕೈಬಿಟ್ಟ ಜಾಗಗಳಲ್ಲಿ ಹುಲ್ಲನ್ನು ಕತ್ತರಿಸುತ್ತ ಉಳಿದದ್ದು ಮೊಲಗಳು ಮಾತ್ರ.

ಮೊಲಗಳ ಕಥೆ ಫ್ರಾನ್ಸಿನಿಂದ ಶುರುವಾಗುತ್ತದೆ. ಅರ್ಮಾನ್-ಡೆಲಿಲ್ ಎಂಬ ಹೆಸರಾಂತ ವೈದ್ಯರಿಗೆ ಮೈಲೆಬ್ವಾ ಎಂಬಲ್ಲಿ ದೊಡ್ಡ ಜಮೀನಿತ್ತು. ಮೊಲಗಳ ಕಾಟ ತಾಳಲಾರದೆ ಅವರು 1952ರಲ್ಲಿ ಮಿಕ್ಸೊಮಾಟೋಸಿಸ್ ಎಂಬ ರೋಗದ ವೈರಸ್ ತರಿಸಿ ಕೆಲವು ಮೊಲಗಳಿಗೆ ಚುಚ್ಚಿ ಬಿಟ್ಟರು. ಸುತ್ತಲೂ ಗೋಡೆಯಿದೆ, ರೋಗ ಹೊರಗೆ ಹೋಗದು ಎಂದು ಅವರ ನಂಬಿಕೆ. ರೋಗ ಗೋಡೆ ದಾಟಿ ಫ್ರಾನ್ಸ್ ತುಂಬ ಹರಡಿತು, ಮರುವರ್ಷ ಕಡಲು ದಾಟಿ ಇಂಗ್ಲೆಂಡಿನ ಕೆಂಟ್ ತಲುಪಿತು. ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಮೊಲಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟು ಸತ್ತವು ಎಂದು ಅಂದಾಜು. ರೈತರು ಖುಷಿಪಟ್ಟರು. ಫ್ರಾನ್ಸಿನಲ್ಲಿ ಬೇಟೆಗಾರರ ದೂರಿನ ಮೇಲೆ ವೈದ್ಯರಿಗೆ ಸಣ್ಣ ದಂಡ ಬಿತ್ತು. ಆಮೇಲೆ ಕೃಷಿಗೆ ಮಾಡಿದ ಉಪಕಾರಕ್ಕಾಗಿ ಪದಕವೂ ಬಂತು. ಆ ಪದಕ ಕೊಟ್ಟವರಿಗಾಗಲಿ ತೊಟ್ಟವರಿಗಾಗಲಿ ಕಡಲಾಚೆ ಒಂದು ನೀಲಿ ಚಿಟ್ಟೆಯಿದೆ ಎಂಬುದು ತಲೆಗೆ ಹೊಳೆದಿರಲಾರದು. ಹೊಳೆದಿದ್ದರೂ ಮೊಲಕ್ಕೂ ಚಿಟ್ಟೆಗೂ ಏನು ಸಂಬಂಧವೆಂದು ಆಗ ಯಾವ ವಿಜ್ಞಾನಿಯೂ ಹೇಳಬಲ್ಲವನಾಗಿರಲಿಲ್ಲ.

1970ರ ದಶಕದ ಆರಂಭದ ಹೊತ್ತಿಗೆ ಉಳಿದಿದ್ದದ್ದು ಒಂದೆರಡು ನೆಲೆ, ಕೆಲವು ನೂರು ಚಿಟ್ಟೆ. 1972ರಲ್ಲಿ ಜೆರೆಮಿ ಥಾಮಸ್ ಎಂಬ ಇಪ್ಪತ್ತೈದರ ತರುಣ ಪರಿಸರ ವಿಜ್ಞಾನಿ ಇದರ ಅಧ್ಯಯನಕ್ಕೆ ಬಂದರು. ಡಾರ್ಟ್‌ಮೂರ್ ಬೆಟ್ಟಸೀಮೆಯ ಅಂಚಿನಲ್ಲಿದ್ದ ಕೊನೆಯ ನೆಲೆಗಳಲ್ಲೊಂದರ ಪಕ್ಕದಲ್ಲಿ ಆರು ವರ್ಷದ ಬೇಸಿಗೆಗಳನ್ನು ಕಳೆದರು. ಅವರು ಯಾರನ್ನು ಶಂಕಿಸಬೇಕೆಂದು ಮೊದಲೇ ನಿರ್ಧರಿಸಿಕೊಂಡು ಬರಲಿಲ್ಲ. ಮಾಡಿದ್ದು ಲೆಕ್ಕ. ಒಂದು ಹೆಣ್ಣು ಎಷ್ಟು ಮೊಟ್ಟೆ ಇಟ್ಟಿತು, ಅದರಲ್ಲಿ ಎಷ್ಟು ಒಡೆದವು, ಥೈಮಿನ ಮೇಲೆ ಎಷ್ಟು ಸತ್ತವು, ನೆಲಕ್ಕೆ ಎಷ್ಟು ಬಿದ್ದವು, ಇರುವೆ ಎಷ್ಟನ್ನು ಹೊತ್ತೊಯ್ದಿತು, ಒಳಗೆ ಹೋದವುಗಳಲ್ಲಿ ಎಷ್ಟು ಹೊರಗೆ ಬಂದವು. ಜೀವವಿಮೆ ಕಂಪನಿಯ ಗುಮಾಸ್ತನ ಕೆಲಸದಂತೆ ಕಾಣುವ ಈ ಲೆಕ್ಕದಲ್ಲಿ ಮೊದಲು ಖುಲಾಸೆಯಾದದ್ದು ಸಂಗ್ರಾಹಕ. ಥೈಮಿನ ಮೇಲಿನ ಸಾವೂ ದೊಡ್ಡದಾಗಿರಲಿಲ್ಲ. ಜೀವ ಹೋಗುತ್ತಿದ್ದದ್ದು ನೆಲದಡಿಯಲ್ಲಿ, ಗೂಡಿನೊಳಗೆ.

ಅಲ್ಲಿಯವರೆಗೆ ಎಲ್ಲರೂ ಕೆಂಪಿರುವೆ ಎಂದರೆ ಕೆಂಪಿರುವೆ ಎಂದುಕೊಂಡಿದ್ದರು. ಆ ಗುಡ್ಡಗಳಲ್ಲಿ ಮಿರ್ಮಿಕಾ ಕುಲದ ಹಲವು ಜಾತಿಗಳಿವೆ. ನೋಡಲು ಒಂದೇ ಥರ. ಕುಡಿಮೀಸೆಯ ಬುಡದ ಬಾಗನ್ನು ಭೂತಗನ್ನಡಿಯಲ್ಲಿ ನೋಡಿದರೆ ಮಾತ್ರ ಸಾಬುಲೆಟಿ ಯಾವುದು, ಸ್ಕೇಬ್ರಿನೋಡಿಸ್ ಯಾವುದು ಎಂದು ತಿಳಿಯುತ್ತದೆ. ಹುಳು ಇಂಥದೇ ಇರುವೆ ಬೇಕೆಂದು ಆರಿಸುವುದಿಲ್ಲ. ಮೊದಲು ಸಿಕ್ಕಿದ ಮಿರ್ಮಿಕಾ ಅದನ್ನು ಹೊತ್ತೊಯ್ಯುತ್ತದೆ. ಆದರೆ ಬದುಕುವುದು ಮುಖ್ಯವಾಗಿ ಸಾಬುಲೆಟಿಯ ಗೂಡಿನಲ್ಲಿ. ಉಳಿದವರ ಗೂಡಿನಲ್ಲಿ ಇಂದಲ್ಲ ನಾಳೆ ಹೆಚ್ಚಿನವುಗಳ ವೇಷ ಕಳಚುತ್ತದೆ, ಇರುವೆಗಳು ಕೊಂದು ಹಾಕುತ್ತವೆ. ಸಾಬುಲೆಟಿಯ ಮನೆಯಲ್ಲೂ ಸುಖವೇನಿಲ್ಲ. ಒಂದು ಹುಳು ಚಿಟ್ಟೆಯಾಗಲು ಸುಮಾರು 230 ಇರುವೆ ಮರಿಗಳು ಬೇಕು; ಅಷ್ಟು ಒದಗಿಸಲು ಗೂಡಿನಲ್ಲಿ 350ಕ್ಕೂ ಹೆಚ್ಚು ಕೆಲಸಗಾರ ಇರುವೆಗಳಿರಬೇಕು. ಒಂದೇ ಗೂಡಿಗೆ ಮೂರು ನಾಲ್ಕು ಹುಳು ಹೊಕ್ಕರೆ ಎಲ್ಲವೂ ಹಸಿದು ಸಾಯಬಹುದು. ಥೈಮ್ ಗಿಡ ಬೇಕು, ಅದರ ಕಾಲಡಿಯಲ್ಲೇ ಆ ಜಾತಿಯ ಇರುವೆ ಬೇಕು, ಆ ಇರುವೆಯ ಸಂಸಾರ ದೊಡ್ಡದಾಗಿರಬೇಕು.

ಇನ್ನು ಸಾಬುಲೆಟಿಗೆ ಏನು ಬೇಕು? ಬಿಸಿ ನೆಲ. ಇಂಗ್ಲೆಂಡು ಅದರ ಪಾಲಿಗೆ ತಣ್ಣನೆಯ ದೇಶ. ದಕ್ಷಿಣಕ್ಕೆ ಮುಖಮಾಡಿದ ಇಳಿಜಾರಿನಲ್ಲಿ, ಹುಲ್ಲು ಎರಡು ಮೂರು ಸೆಂಟಿಮೀಟರಿಗಿಂತ ಗಿಡ್ಡವಾಗಿ ಮೇಯಿಸಲ್ಪಟ್ಟು ಬಿಸಿಲು ನೇರ ಮಣ್ಣಿಗೆ ತಾಗುವ ಕಡೆ ಮಾತ್ರ ಅದು ಬಾಳುತ್ತದೆ. ಹುಲ್ಲು ಇನ್ನೊಂದು ಸ್ವಲ್ಪ ಬೆಳೆದರೆ ಗೂಡಿನ ಮಣ್ಣು ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ಮನುಷ್ಯನ ಪಾದಕ್ಕೆ ಗೊತ್ತಾಗದ ವ್ಯತ್ಯಾಸ. ಸಾಬುಲೆಟಿ ಜಾಗ ಬಿಡುತ್ತದೆ, ತಂಪು ತಾಳುವ ಸ್ಕೇಬ್ರಿನೋಡಿಸ್ ಅಲ್ಲಿಗೆ ಬರುತ್ತದೆ. ಗುಡ್ಡ ಹತ್ತಿ ನೋಡುವವನಿಗೆ ಎಲ್ಲವೂ ಮೊದಲಿನಂತೆಯೇ: ಅದೇ ಥೈಮ್, ಅದೇ ಕೆಂಪಿರುವೆ, ಹಸಿರು ಇನ್ನೂ ಹೆಚ್ಚು. ಚಿಟ್ಟೆ ಹಾರುತ್ತ, ಮೊಟ್ಟೆಯಿಡುತ್ತ ಇರುತ್ತದೆ. ಆ ಮೊಟ್ಟೆಗಳಿಂದ ಬಂದ ಹುಳುಗಳು ತಪ್ಪು ಮನೆಗೆ ದತ್ತು ಹೋಗುತ್ತಿರುತ್ತವೆ.

ಹೀಗೆ ಮೊಲದ ರೋಗ, ಕುರಿಯ ಲಾಭನಷ್ಟ, ಪ್ರೀತಿಯಿಂದ ಹಾಕಿಸಿದ ಬೇಲಿ ಎಲ್ಲವೂ ಒಂದೇ ಲೆಕ್ಕಕ್ಕೆ ಬಂದು ಕೂತವು. ಇದನ್ನು ಓದುವಾಗ ನನಗೆ ಕಾಡುವುದು ಸಂರಕ್ಷಕರ ಅಜ್ಞಾನವಲ್ಲ. ಫ್ರೊಹಾಕ್, ಚಾಪ್‌ಮನ್, ಪ್ಯೂರ್‌ಫಾಯ್ ಕಂಡುಹಿಡಿದದ್ದು ನಿಜವೇ ಆಗಿತ್ತು, ಒಂದು ಹೆಜ್ಜೆ ಕಡಿಮೆ ಇತ್ತು ಅಷ್ಟೆ. ಆ ಮುಕ್ಕಾಲು ಜ್ಞಾನದ ಮೇಲೆ ಧೈರ್ಯವಾಗಿ ಬೇಲಿ ಎದ್ದಿತು, ಕಾಯ್ದೆ ಎದ್ದಿತು. ಏನೂ ಗೊತ್ತಿಲ್ಲದ, ತನ್ನ ಪಾಡಿಗೆ ಕುರಿ ಮೇಯಿಸಿಕೊಂಡಿದ್ದ ಕುರುಬ ಮಾತ್ರ ಶತಮಾನಗಳ ಕಾಲ ಚಿಟ್ಟೆಯನ್ನು ಉಳಿಸಿದ್ದ. ಅವನನ್ನು ಯಾವ ಸಮಿತಿಯೂ ಕರೆದು ಕೇಳಿರಲಿಲ್ಲ. ಕರೆದಿದ್ದರೆ ಅವನಾದರೂ ಏನು ಹೇಳಿಯಾನು, ಚಿಟ್ಟೆಗಾಗಿ ಅವನು ಮೇಯಿಸಿದ್ದಲ್ಲವಲ್ಲ.

ಉತ್ತರ ಸಿಕ್ಕಿದ್ದು ತಡವಾಗಿ. ಥಾಮಸ್ ಹೇಳಿದಂತೆ ಕೊನೆಯ ನೆಲೆಯಲ್ಲಿ ಪೊದೆ ಕಡಿದು ಮತ್ತೆ ಮೇಯಿಸಲು ಶುರುಮಾಡಿದರು, ಸಾಬುಲೆಟಿ ಹಿಂದಿರುಗತೊಡಗಿತು. ಅಷ್ಟರಲ್ಲಿ 1976ರ ಭೀಕರ ಬರಗಾಲ ಬಂತು. ಥೈಮ್ ಒಣಗಿತು. ಸಾವಿರಗಟ್ಟಲೆ ಚಿಟ್ಟೆಗಳಿದ್ದರೆ ಒಂದು ಬರವನ್ನು ದಾಟಬಹುದಿತ್ತು. ಇದ್ದದ್ದು ಬೆರಳೆಣಿಕೆಗೆ ಹತ್ತಿರ. 1979ರಲ್ಲಿ ಅಳಿವಿನ ಘೋಷಣೆ ಬಂದಾಗ ಆ ಜೀವವನ್ನು ಉಳಿಸುವ ಬಗೆ ಚೆನ್ನಾಗಿ ತಿಳಿದಿತ್ತು, ಉಳಿಸಲು ಜೀವವಿರಲಿಲ್ಲ. ಮರುವರ್ಷ ಥಾಮಸ್ ಒಂದು ಲೇಖನದಲ್ಲಿ ಈ ಅಳಿವಿನ ಕಾರಣಗಳನ್ನು ವಿವರಿಸಿದರು.

ಅದು ಅಲ್ಲಿಗೇ ಮುಗಿದಿದ್ದರೆ ಒಂದು ಒಳ್ಳೆಯ ಮರಣೋತ್ತರ ವರದಿಯಾಗುತ್ತಿತ್ತು. ಆದರೆ ಇರುವೆಯ ಲೆಕ್ಕ ಸರಿಯೇ ಎಂದು ಪರೀಕ್ಷಿಸಲು ಒಂದೇ ದಾರಿಯಿತ್ತು: ಹುಲ್ಲು ಗಿಡ್ಡ ಮಾಡಿ, ಸಾಬುಲೆಟಿಯನ್ನು ಮರಳಿಸಿ, ಬೇರೆ ದೇಶದಿಂದ ದೊಡ್ಡ ನೀಲಿಯನ್ನು ತಂದು ಬಿಟ್ಟು ನೋಡುವುದು. ಸ್ವೀಡನ್ನಿನ ಓಲಾಂಡ್ ದ್ವೀಪದಲ್ಲಿ ಅದೇ ಜಾತಿಯ ಚಿಟ್ಟೆ ಇತ್ತು. 1983ರಲ್ಲಿ ಥಾಮಸ್ ಮತ್ತು ಅವರ ಜೊತೆಗಾರ ಡೇವಿಡ್ ಸಿಮ್‌ಕಾಕ್ಸ್ ಅಲ್ಲಿಂದ ಸಂತತಿ ತಂದು ಡಾರ್ಟ್‌ಮೂರಿನ ಹಳೆಯ ನೆಲೆಯಲ್ಲಿ ಬಿಟ್ಟರು. ಚಿಟ್ಟೆ ನಿಂತಿತು. 1992ರಲ್ಲಿ ಸಾಮರ್ಸೆಟ್‌ನ ಗ್ರೀನ್ ಡೌನ್ ಎಂಬ ಗುಡ್ಡಕ್ಕೆ ತಂದಾಗ ಇನ್ನೂ ಚೆನ್ನಾಗಿ ಬೆಳೆಯಿತು, ಅಲ್ಲಿಂದ ಸುತ್ತಲಿನ ಗುಡ್ಡಗಳಿಗೆ ತಾನಾಗಿಯೇ ಹರಡಿತು. ಬಿಡುವ ಮೊದಲು ವಿಜ್ಞಾನಿಗಳು ಇರುವೆ ಗೂಡುಗಳ ಸಾಂದ್ರತೆಯ ಮೇಲೆ ಚಿಟ್ಟೆಗಳ ಸಂಖ್ಯೆ ಹೇಗೆ ಏರಿಳಿಯಬಹುದೆಂದು ಗಣಿತ ಮಾಡಿಟ್ಟಿದ್ದರು. ನಿಜವಾದ ಸಂಖ್ಯೆ ಬಹುಮಟ್ಟಿಗೆ ಅದೇ ಹಾದಿಯಲ್ಲಿ ಹೋಯಿತು. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದರ ವರದಿ ಬಂತು. ಕೀಟವೊಂದರ ಸಂರಕ್ಷಣೆಯಲ್ಲಿ ಮುಂಗಾಣ್ಕೆ ಇಷ್ಟು ನಿಖರವಾಗಿ ಕೂಡಿಬಂದ ಉದಾಹರಣೆಗಳು ಬಹಳವಿಲ್ಲ.

ಸ್ವೀಡನ್ನಿನ ಚಿಟ್ಟೆ ಬ್ರಿಟಿಷ್ ಚಿಟ್ಟೆಯೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ಇರುವೆ ಕೇಳಲಿಲ್ಲ.

ಇಲ್ಲಿ ಸಾರ್ವಜನಿಕರ ಬಗ್ಗೆ ಒಂದು ಮಾತು ಹೇಳಬೇಕು, ಯಾಕೆಂದರೆ ಅವರು ಈವರೆಗೆ ಕಳ್ಳನ ಪಾತ್ರದಲ್ಲೇ ಬಂದುಹೋಗಿದ್ದಾರೆ. ದೊಡ್ಡ ನೀಲಿ ಸಾಯುತ್ತಿದ್ದ ಅದೇ ವರ್ಷಗಳಲ್ಲಿ ಬಲೆ ಹಿಡಿದವರ ಮೊಮ್ಮಕ್ಕಳು ಬಲೆ ಬಿಟ್ಟು ಪುಸ್ತಕ ಪೆನ್ಸಿಲ್ ಹಿಡಿಯತೊಡಗಿದ್ದರು. 1968ರಲ್ಲಿ ಚಿಟ್ಟೆ ಸಂರಕ್ಷಣೆಗೆಂದೇ ಜನರ ಒಂದು ಸಂಘ ಹುಟ್ಟಿತು. ಇಂದಿನ ‘ಬಟರ್‌ಫ್ಲೈ ಕನ್ಸರ್ವೇಶನ್’ ಅದೇ. ಮಾಂಕ್ಸ್ ವುಡ್ ಸಂಶೋಧನಾ ಕೇಂದ್ರದಲ್ಲಿ ಅರ್ನಿ ಪೊಲಾರ್ಡ್ ಎಂಬ ವಿಜ್ಞಾನಿ 1973ರಿಂದ ಒಂದು ಸರಳ ವಿಧಾನವನ್ನು ಪರೀಕ್ಷಿಸುತ್ತಿದ್ದರು. ಗೊತ್ತುಮಾಡಿದ ಒಂದೇ ದಾರಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 26 ವಾರ, ವಾರಕ್ಕೊಮ್ಮೆ, ಬಿಸಿಲಿದ್ದು ಗಾಳಿ ಕಡಿಮೆಯಿರುವ ಹೊತ್ತಿನಲ್ಲಿ ಒಂದೇ ವೇಗದಲ್ಲಿ ನಡೆಯುವುದು. ಸುತ್ತಲಿನ ಐದು ಮೀಟರ್ ಕಲ್ಪಿತ ಚೌಕದೊಳಗೆ ಕಂಡ ಚಿಟ್ಟೆಗಳನ್ನು ಜಾತಿವಾರು ಬರೆದುಕೊಳ್ಳುವುದು. ಅಷ್ಟೇ. 1976ರಲ್ಲಿ 34 ಕಡೆ ಇದು ರಾಷ್ಟ್ರೀಯ ಯೋಜನೆಯಾಗಿ ಶುರುವಾಯಿತು. ಇಂದು ಸಾವಿರಾರು ದಾರಿಗಳಲ್ಲಿ ಸ್ವಯಂಸೇವಕರು ನಡೆಯುತ್ತಾರೆ. ಕರ್ನಾಟಕದಲ್ಲೂ ಚಿಟ್ಟೆ ಸಮೀಕ್ಷೆ ಮಾಡುವವರು ಪೊಲಾರ್ಡ್ ವಾಕ್ ಎನ್ನುವುದು ಇದನ್ನೇ.

ಒಬ್ಬ ಥಾಮಸ್ ಒಂದು ಗುಡ್ಡದ ಪಕ್ಕ ಆರು ವರ್ಷ ಕೂರಬಹುದು, ಐವತ್ತೊಂಬತ್ತು ಜಾತಿಗಳ ಪಕ್ಕ ಕೂರಲಾರ. ಯಾವ ಗುಡ್ಡಕ್ಕೆ ಹೋಗಿ ಕೂರಬೇಕೆಂದು ಹೇಳುವುದು ಈ ನಡಿಗೆಗಳು. ಹಾಗೆಂದು ನಡಿಗೆಗಳೇ ಕಾರಣ ಹೇಳುವುದಿಲ್ಲ. ದೊಡ್ಡ ನೀಲಿಯ ಇಳಿಕೆಯನ್ನು ಎಷ್ಟು ಎಣಿಸಿದ್ದರೂ ಇರುವೆಯ ಹೆಸರು ಹೊರಬರುತ್ತಿರಲಿಲ್ಲ. ಇತ್ತೀಚೆಗೆ ಮೊಬೈಲಿನಲ್ಲಿ ತೆಗೆದ ಲಕ್ಷಾಂತರ ಚಿತ್ರಗಳೇ ಎಲ್ಲಕ್ಕೂ ಉತ್ತರ ಎಂಬ ಉತ್ಸಾಹ ಕಂಡಾಗ ನನಗೆ ಈ ಮಾತು ನೆನಪಾಗುತ್ತದೆ.

ಹಿಂದಿರುಗಿದ ಚಿಟ್ಟೆಯನ್ನು ಮೊದಲು ಗುಟ್ಟಾಗಿಯೇ ಇಟ್ಟಿದ್ದರು. ಡಾರ್ಟ್‌ಮೂರಿನ ನೆಲೆಗೆ ಕಾಗದಪತ್ರಗಳಲ್ಲಿ ಹೆಸರೇ ಇರಲಿಲ್ಲ, ‘ಸೈಟ್ ಎಕ್ಸ್’ ಎಂದಷ್ಟೇ ಇತ್ತು. ಹಳೆಯ ಭಯ ಸುಲಭಕ್ಕೆ ಹೋಗುವಂಥದ್ದಲ್ಲ. 2000ದಲ್ಲಿ ಸಾಮರ್ಸೆಟ್‌ನ ಕಾಲರ್ಡ್ ಹಿಲ್‌ಗೆ ಚಿಟ್ಟೆ ಬಿಟ್ಟು, ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆ ಆ ಗುಡ್ಡವನ್ನು ಜನರಿಗೆ ತೆರೆಯಿತು. ಜೂನ್ ತಿಂಗಳಲ್ಲಿ ಅಲ್ಲಿಗೆ ಈಗ ಕ್ಯಾಮೆರಾ ಹಿಡಿದವರ ಜಾತ್ರೆ. ಅವರ ನಡುವೆ ಒಬ್ಬ ಹಳೆಯ ಕಾಲದವನೂ ಬಂದ. 2015ರ ಬೇಸಿಗೆಯಲ್ಲಿ ಎರಡು ರಕ್ಷಿತ ನೆಲೆಗಳಲ್ಲಿ ಒಬ್ಬಾತ ಬಲೆ ಹಿಡಿದು ಓಡಾಡಿದ್ದನ್ನು ಜನರೇ ಗಮನಿಸಿ ದೂರು ಕೊಟ್ಟರು. ಮನೆಯಲ್ಲಿ ಸೂಜಿ ಚುಚ್ಚಿದ ಚಿಟ್ಟೆಗಳು ಸಿಕ್ಕವು. 2017ರಲ್ಲಿ ಬ್ರಿಸ್ಟಲ್‌ನ ನ್ಯಾಯಾಲಯ ಅವನಿಗೆ ಆರು ತಿಂಗಳ ಅಮಾನತು ಜೈಲುಶಿಕ್ಷೆ ವಿಧಿಸಿತು. ಸಂಗ್ರಾಹಕ ಕಟ್ಟುಕಥೆಯಲ್ಲ, ಇದ್ದಾನೆ. ಅವನನ್ನು ಹಿಡಿಯಲು ಕಾಯ್ದೆಯೂ ಬೇಕು. ಆದರೆ ಅದೇ ಗುಡ್ಡದಲ್ಲಿ ಒಂದು ವರ್ಷ ಕುರಿ ದನ ಬಾರದೆ ಹೋದರೆ ಅವನು ಜೀವಮಾನವಿಡೀ ಕದ್ದರೂ ಆಗದಷ್ಟು ನಷ್ಟವಾಗುತ್ತದೆ. ಅದಕ್ಕೆ ಯಾರನ್ನೂ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ.

ಮೇಯಿಸುವುದು ಈಗ ಒಂದು ವೃತ್ತಿಪರ ವ್ಯವಹಾರ. ಯಾವ ತಿಂಗಳು ಎಷ್ಟು ದನ, ಎಷ್ಟು ಕುರಿ, ಥೈಮ್ ಹೂ ಬಿಡುವಾಗ ಎಲ್ಲಿಗೆ ಓಡಿಸಬೇಕು ಎಂದು ಪಟ್ಟಿ ಇರುತ್ತದೆ. ಗ್ಲೌಸ್ಟರ್‌ಶೈರ್‌ನ ರಾಡ್‌ಬರೋ ಕಾಮನ್ ಊರವರು ತಲತಲಾಂತರದಿಂದ ದನ ಮೇಯಿಸುತ್ತಿರುವ ಜಾಗ, ನಮ್ಮ ಗೋಮಾಳದಂತೆ. ಅಲ್ಲಿ ದೊಡ್ಡ ನೀಲಿ ಕಾಣಿಸದೆ ಒಂದೂವರೆ ಶತಮಾನ ಕಳೆದಿತ್ತು. ಮೇಯಿಸುವವರೊಂದಿಗೆ ಮಾತಾಡಿ ಐದು ವರ್ಷ ನೆಲ ಸಿದ್ಧಮಾಡಿ, ಇರುವೆಗಳನ್ನು ಎಣಿಸಿ, 2019ರಲ್ಲಿ 1,100 ಹುಳುಗಳನ್ನು ಬಿಟ್ಟರು. ಮರುವರ್ಷ ಸುಮಾರು 750 ಚಿಟ್ಟೆಗಳು ಹಾರಿದವು ಎಂದು ಅಂದಾಜಿಸಿದರು. 2022ರ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನ ಎಲ್ಲ ನೆಲೆಗಳಲ್ಲಿ ಸೇರಿ 20,000ದಷ್ಟು ಚಿಟ್ಟೆ. ಅದಕ್ಕೆ ಹಿಂದಿನ 150 ವರ್ಷಗಳಲ್ಲೇ ಅದು ಅತಿ ಹೆಚ್ಚು.

ಇಂಗ್ಲೆಂಡಿನ ಈ ಸೂತ್ರವನ್ನು ಹಿಡಿದುಕೊಂಡು ಯುರೋಪಿನ ಬೇರೆಡೆಗೆ ಹೋದವರಿಗೆ ಮಾತ್ರ ಒಂದು ತೊಡಕು ಎದುರಾಯಿತು. ದಕ್ಷಿಣಕ್ಕೆ ಹೋದಂತೆ ನೆಲ ತಾನೇ ಬಿಸಿಯಿರುತ್ತದೆ. ಅಲ್ಲಿ ಸಾಬುಲೆಟಿ ಎತ್ತರದ ಹುಲ್ಲಿನ ನೆರಳನ್ನೇ ಹುಡುಕುತ್ತದೆ, ಮೂರು ಸೆಂಟಿಮೀಟರಿಗೆ ಮೇಯಿಸಿದರೆ ಗೂಡು ಸುಟ್ಟುಹೋದೀತು. ಇಟಲಿಯಲ್ಲಿ ಕೆಲವು ಕಡೆ ದೊಡ್ಡ ನೀಲಿ ಥೈಮ್ ಬಿಟ್ಟು ಒರೆಗಾನೊ ಗಿಡದ ಮೇಲೆ ಮೊಟ್ಟೆಯಿಡುತ್ತದೆ, ಅಲ್ಲಿ ಅದನ್ನು ಸಾಕುವ ಇರುವೆಯೂ ಬೇರೆ. ಪೋಲೆಂಡಿನಲ್ಲಿ ಒಂದಕ್ಕಿಂತ ಹೆಚ್ಚು ಜಾತಿಯ ಮಿರ್ಮಿಕಾ ಗೂಡುಗಳಲ್ಲಿ ಅದು ಸಿಕ್ಕಿದೆ. ಇಂಗ್ಲೆಂಡಿನಲ್ಲೇ ಬೇಸಿಗೆಗಳು ಬಿಸಿಯಾಗುತ್ತಿರುವುದರಿಂದ ದಕ್ಷಿಣದ ಇಳಿಜಾರಿನಲ್ಲಿ ಥೈಮ್ ಬೇಗ ಒಣಗುವ ವರ್ಷಗಳು ಬರುತ್ತಿವೆ. ಥಾಮಸ್ ಅಳೆದ ಎತ್ತರವನ್ನು ಅಲ್ಲಿಯವರೂ ಈಗ ಮತ್ತೆ ಅಳೆಯಬೇಕಾಗಿದೆ.